ಬಿಳಿ ಬೋರ್ಡಿನ ಒಡತಿ

"ಉಜ್ಜುದು ಅಂದ್ರೆ ಹೀಗಾ, ಬೇವರ್ಸಿ? ಇದು ಎಂತ ನಿನ್ನ ಮನೆಯ ಮೀನಿನ ಚಟ್ಟಿಯಾ, ಬೂದಿ ಹಾಕಿ ತಿಕ್ಕಲಿಕ್ಕೆ?"

ಶಶಿಪ್ರಭಾ ಮೇಡಂ ಬೆರಳಿಟ್ಟು ತೋರಿಸಿದ ಕಡೆ, ಕಾರಿನ ಹಿಂಬಾಗಿಲ ಮೇಲೆ, ಕೂದಲೆಳೆಯಷ್ಟು ಗೀರು ಇತ್ತು. ನಾಝಿಮಾ ಬಾಲ್ದಿ ಕೆಳಗಿಟ್ಟು ಬಗ್ಗಿ ನೋಡಿದಳು. ಆ ಗೀರು ಬಿದ್ದದ್ದು ಶನಿವಾರ. ಕ್ಲಬ್ಬಿನಿಂದ ಬರುವಾಗ ಮೇಡಂ ತಾವೇ ಸ್ಟೇರಿಂಗ್ ಹಿಡಿದು ಗೇಟಿಗೆ ತಾಗಿಸಿದ್ದರು. ಅದನ್ನು ಕಣ್ಣಾರೆ ಕಂಡವನು ಡ್ರೈವರ್ ಲ್ಯಾನ್ಸಿ. ಅವನು ಈಗ ಆಫೀಸಿನ ಮೆಟ್ಟಿಲ ಮೇಲೆ ಕೂತು ಪೇಪರಿನ ಮರಣವಾರ್ತೆಗಳನ್ನು ಬಹಳ ಶ್ರದ್ಧೆಯಿಂದ ಓದುತ್ತಿದ್ದ.

"ಅದು ನಾನು ಮಾಡಿದ್ದಲ್ಲ ಮೇಡಂ."

"ನೀನಲ್ಲದೆ ನಾನಾ? ಎದುರು ಮಾತಾಡ್ತಿಯಾ? ಆ ಬಟ್ಟೆ ಬಿಸಾಡು, ದೊರಗು ಅದು. ನಿನ್ನ ತಲೆಯ ಶಾಲು ಉಂಟಲ್ಲ, ಅದು ಮೆತ್ತಗುಂಟು. ಅದರಲ್ಲಿ ಒರೆಸು."

ಮೇಡಂ ಹೋಗುವ ಲಕ್ಷಣ ಕಾಣಲಿಲ್ಲ. ಶಾಲನ್ನು ತಲೆಯಿಂದ ತೆಗೆಯದೆ, ಅದರ ತುದಿಯನ್ನಷ್ಟೇ ಮುಷ್ಟಿಯಲ್ಲಿ ಹಿಡಿದು, ಕಾರಿಗೆ ಮುತ್ತಿಡುವವಳ ಹಾಗೆ ಕುತ್ತಿಗೆ ಚಾಚಿ ಒರೆಸಿದಳು. ಗೀರು ಹೋಗಲಿಲ್ಲ. ಮೇಡಂ ಹೋದರು.

ನಾಝಿಮಾ ದೇರೆಬೈಲಿನ ಸಾಗರಪ್ರಭಾ ಬಿಲ್ಡರ್ಸ್‌ನಲ್ಲಿ ಕಸ ಗುಡಿಸುವವಳು. ಕಸ ಗುಡಿಸಿ, ನೆಲ ಒರೆಸಿ, ಚಾ ಮಾಡಿ, ಪಾಯಿಖಾನೆ ತೊಳೆದು, ಕೊನೆಗೆ ಧನಿಗಳ ಕಪ್ಪು ಕಾರಿಗೆ ಸ್ನಾನ ಮಾಡಿಸುವುದು ಅವಳ ದಿನಚರಿ. ಕಾಟಿಪಳ್ಳದ ಪುನರ್ವಸತಿ ಸೈಟಿನ ಮನೆಯಿಂದ ಬಸ್ಸು ಹಿಡಿದು, ಕೊಟ್ಟಾರದಲ್ಲಿ ಇಳಿದು, ಏರು ಹತ್ತಿ ನಡೆದು ಬರುತ್ತಾಳೆ. ಗಂಡ ಉಮರಬ್ಬ ಬಂದರಿನಲ್ಲಿ ಮೂಟೆ ಹೊರುತ್ತಿದ್ದವನು. ಬೆನ್ನು ಕೈಕೊಟ್ಟ ಮೇಲೆ ಮನೆಯ ಗೋಡೆಗೆ ಒರಗಿ ಕೂತಿದ್ದಾನೆ. ಧನಿ ಕೌಶಲ್, ಶಶಿಪ್ರಭಾ ಮೇಡಂ ಅವರ ಗಂಡ, ಒಳ್ಳೆಯ ಮಾತುಗಾರ. ಕಂಪೆನಿಯ ವರ್ಷದ ಪಾರ್ಟಿಯಲ್ಲಿ ಮೈಕು ಹಿಡಿದರೆ "ನಾವೆಲ್ಲ ಒಂದೇ ಫ್ಯಾಮಿಲಿ" ಎಂದು ಕಣ್ಣಲ್ಲಿ ನೀರು ತರಿಸಿಕೊಳ್ಳುತ್ತಾನೆ. ಆ ಫ್ಯಾಮಿಲಿಯಲ್ಲಿ ನಾಝಿಮಾಳ ಪಾಲಿಗೆ ಬರುವುದು ಉಳಿದವರ ಊಟವಾದ ಮೇಲಿನ ತಟ್ಟೆಗಳು.

ಆ ಮಳೆಗಾಲದಲ್ಲಿ ರೇಷನ್ ಅಂಗಡಿಯ ಮೆಷಿನ್ ಅವಳ ಹೆಬ್ಬೆಟ್ಟನ್ನು ಒಪ್ಪಲಿಲ್ಲ. ಎಡಗೈ ಇಟ್ಟಳು, ಬಲಗೈ ಇಟ್ಟಳು, ಸೆರಗಿಗೆ ಉಜ್ಜಿ ಮತ್ತೆ ಇಟ್ಟಳು. ಅಂಗಡಿಯವನು ಕಡೆಗೆ "ಕಾರ್ಡೇ ಕ್ಯಾನ್ಸಲ್ ಆಗಿದೆ, ತಾಲೂಕು ಆಫೀಸಿಗೆ ಹೋಗಿ" ಎಂದ. ಸರಕಾರ ಹೆಂಗಸರ ಖಾತೆಗೆ ಹಾಕುವ ಎರಡು ಸಾವಿರವೂ ಅದಕ್ಕೆ ಮುಂಚೆಯೇ ನಿಂತಿತ್ತು. ನಾಝಿಮಾ ಅರ್ಧ ದಿನ ರಜೆ ಕೇಳಿ ಬೈಸಿಕೊಂಡು, ತಾಲೂಕು ಆಫೀಸಿನ ಕಿಟಕಿಯ ಎದುರು ಸಾಲು ನಿಂತಳು.

ಕಿಟಕಿಯ ಒಳಗಿನ ಗುಮಾಸ್ತ ಕಂಪ್ಯೂಟರ್ ನೋಡಿದ. ಆಮೇಲೆ ಅವಳ ಮುಖ ನೋಡಿದ. ಮತ್ತೊಮ್ಮೆ ಕಂಪ್ಯೂಟರ್ ನೋಡಿ ಪಕ್ಕದ ಮೇಜಿನವನನ್ನು ಕರೆದ.

"ಇಲ್ಲಿ ಬನ್ನಿ ಮಾರಾಯ್ರೆ, ತಮಾಷೆ ಉಂಟು. ಕಾರಿನ ಧನಿ ಅಕ್ಕಿ ಕೇಳ್ಲಿಕ್ಕೆ ಬಂದಿದ್ದಾರೆ."

"ಯಾವ ಕಾರು ಸಾರ್?" ಎಂದಳು ನಾಝಿಮಾ.

"ನಮ್ಮ ಹತ್ರ ಕೇಳ್ತಿಯಾ? ನಿನ್ನ ಹೆಸರಲ್ಲಿ ಬಿಳಿ ಬೋರ್ಡಿನ ಕಾರುಂಟು. ಅದೂ ಸಣ್ಣಪುಟ್ಟ ಕಾರಲ್ಲ. ಮೇಲಿಂದ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಬೇರೆ ಹಾಕ್ತಿ. ನನಗೇ ಇಲ್ಲ ಅಂಥ ಕಾರು, ಸ್ಕೂಟರಲ್ಲಿ ಬರುದು ನಾನು."

"ನನ್ನ ಹತ್ರ ಸೈಕಲ್ ಕೂಡ ಇಲ್ಲ ಸಾರ್. ಬೇರೆ ನಾಝಿಮಾ ಆಗಿರ್ಬೇಕು."

"ಗಂಡ ಉಮರಬ್ಬ, ಕಾಟಿಪಳ್ಳ. ಬೇರೆ ಎಷ್ಟು ಮಂದಿ ಉಂಟು? ಕಾರು ಎಲ್ಲಿ ನಿಲ್ಲಿಸಿ ಬಂದಿ? ಹೊರಗೆ ಪಾರ್ಕಿಂಗ್ ಸಿಕ್ತಾ?"

ಸಾಲಿನಲ್ಲಿದ್ದವರು ನಕ್ಕರು. ಹಿಂದೆ ನಿಂತಿದ್ದ ಮುದುಕಿಯೊಬ್ಬಳು, "ಇಂಥವರಿಂದಲೇ ನಮಗೆ ಅಕ್ಕಿ ಸಿಗುದಿಲ್ಲ" ಎಂದು ತುಳುವಿನಲ್ಲಿ ಶಾಪ ಹಾಕಿದಳು. ಗುಮಾಸ್ತ ನಗುತ್ತಲೇ ಗಾಡಿಯ ನಂಬರನ್ನು ಗಟ್ಟಿಯಾಗಿ ಓದಿದ. ಕೊನೆಗೆ ಸಾಲಾಗಿ ನಾಲ್ಕು ಒಂಬತ್ತು.

ನಾಝಿಮಾಳಿಗೆ ಕಿವಿಯಲ್ಲಿ ಕುಂಯ್ ಎಂದಿತು. ಆ ನಾಲ್ಕು ಒಂಬತ್ತುಗಳನ್ನು ಅವಳು ಎರಡು ವರ್ಷದಿಂದ ಪ್ರತಿದಿನ ಬೆಳಿಗ್ಗೆ ಒರೆಸುತ್ತಿದ್ದಳು. ಮೇಡಂಗೆ ನಂಬರ್ ಪ್ಲೇಟು ಕನ್ನಡಿಯ ಹಾಗೆ ಹೊಳೆಯಬೇಕು. ಧನಿಗಳು ಆ ನಂಬರಿಗಾಗಿಯೇ ದುಡ್ಡು ಸುರಿದವರಂತೆ.

ಮರುದಿನ ಅವಳು ಕಾರಿಗೆ ನೀರು ಹಾಕಲಿಲ್ಲ. ಸೀದಾ ಲ್ಯಾನ್ಸಿಯ ಎದುರು ಹೋಗಿ ನಿಂತಳು.

"ಲ್ಯಾನ್ಸಿಯಣ್ಣ, ಈ ಕಾರು ಯಾರದ್ದು?"

ಲ್ಯಾನ್ಸಿ ಕಾವೂರಿನವನು, ಅರವತ್ತು ಹತ್ತಿರವಾದ ಮನುಷ್ಯ. ಗಲ್ಫಿನಲ್ಲಿ ಅರಬಿಗಳ ಕಾರು ಓಡಿಸಿ, ಅಲ್ಲಿಂದ ಓಡಿಸಲ್ಪಟ್ಟು ಬಂದವನು. ಅವನು ಪೇಪರನ್ನು ಮಡಚಿ, ಮತ್ತೆ ಬಿಚ್ಚಿ, ಮತ್ತೆ ಮಡಚಿದ.

"ಜೆಜು ಸಾಯ್ಬಾ" ಎಂದು ಕೊಂಕಣಿಯಲ್ಲಿ ಏಸುವನ್ನು ನೆನೆದ. "ಗೊತ್ತಾಯ್ತಾ ನಿಂಗೆ?"

"ನಿಮಗೆ ಮೊದಲೇ ಗೊತ್ತಿತ್ತಾ?"

"ಆರ್‌ಸಿ ಕಾರಲ್ಲೇ ಉಂಟು. ಪೊಲೀಸರು ಕೈ ಅಡ್ಡ ಹಾಕಿದಾಗೆಲ್ಲ ತೋರಿಸುದು ನಾನೇ ಅಲ್ವಾ? ಎಂತ ಹೇಳುದು ಹೇಳು. ಬಾಯಿ ಬಿಟ್ರೆ ಕೆಲಸ ಹೋಗ್ತದೆ. ಫ್ಲ್ಯಾಟ್ ಬುಕ್ ಮಾಡಿದವರೆಲ್ಲ ಧನಿಯ ಮೇಲೆ ಕೋರ್ಟಿಗೆ ಹೋಗಿದ್ದಾರೆ. ಅವನ ಹೆಸರಲ್ಲಿ ಒಂದು ಚಮಚ ಇದ್ರೂ ಎಳ್ಕೊಂಡು ಹೋಗ್ತಾರೆ. ಹಾಗೆ ನಿನ್ನ ಹೆಸರಲ್ಲಿ ಲೋನ್ ಮಾಡಿ ತೆಗೊಂಡದ್ದು."

ಆಗ ನಾಝಿಮಾಳಿಗೆ ನೆನಪಾಯಿತು. ಎರಡು ವರ್ಷದ ಹಿಂದೆ ಆಡಿಟರ್ ಮರ್ವಿನ್ ಅವಳನ್ನು ಎ.ಸಿ. ಕೋಣೆಗೆ ಕರೆದು, ಕುರ್ಚಿ ಕೊಟ್ಟು ಕೂರಿಸಿದ್ದ. ಆ ಆಫೀಸಿನಲ್ಲಿ ಅವಳು ಕುರ್ಚಿ ಕಂಡದ್ದು ಅದೊಂದೇ ಸಲ. "ನಿನಗೆ ಪಿ.ಎಫ್. ಮಾಡ್ತಾ ಇದ್ದೇವೆ, ವಯಸ್ಸಾದ ಮೇಲೆ ಕೈತುಂಬ ಸಿಗ್ತದೆ" ಎಂದು ಪುಟದ ಮೇಲೆ ಪುಟ ಸಹಿ ಹಾಕಿಸಿದ್ದ. ಏಳನೇ ಕ್ಲಾಸಿನವರೆಗೆ ಕನ್ನಡ ಶಾಲೆಯಲ್ಲಿ ಓದಿದವಳು, ಇಂಗ್ಲಿಷ್ ಕಾಗದದ ಕೆಳಗೆ ಕನ್ನಡದಲ್ಲಿ ಗುಂಡಗೆ ಹೆಸರು ಬರೆದಿದ್ದಳು. "ಎಷ್ಟು ಚಂದ ಅಕ್ಷರ ಮಾರಾಯ್ತಿ ನಿಂದು!" ಎಂದು ಮರ್ವಿನ್ ಹೊಗಳಿದ್ದ. ಅವಳು ಆ ಹೊಗಳಿಕೆಯನ್ನು ಮನೆಗೆ ಹೊತ್ತುಕೊಂಡು ಹೋಗಿ ಗಂಡನಿಗೂ ಹೇಳಿದ್ದಳು.

ಧನಿಗಳನ್ನು ಕೇಳಬೇಕೆಂದು ಅವಳು ಧೈರ್ಯ ಕೂಡಿಸಿಕೊಳ್ಳುವ ಮೊದಲೇ ಧನಿಗಳೇ ಕರೆಸಿದರು. ಕೋಣೆಯಲ್ಲಿ ಕೌಶಲ್, ಪಕ್ಕದಲ್ಲಿ ಮರ್ವಿನ್. ಮೇಜಿನ ಮೇಲೆ ಒಂದು ಸರಕಾರಿ ಲಕೋಟೆ.

"ಬಾ ನಾಝಿಮಾ, ಬಾ" ಎಂದ ಕೌಶಲ್. "ನೀನು ಇನ್ನು ಕಸ ಗುಡಿಸುವವಳಲ್ಲ, ಗೊತ್ತುಂಟಾ? ಮರ್ವಿನ್, ಹೇಳು ಅವಳ ಪೋಸ್ಟ್ ಎಂತದು."

"ಅಸಿಸ್ಟೆಂಟ್ ಮ್ಯಾನೇಜರ್, ಫೀಲ್ಡ್ ಆಪರೇಷನ್ಸ್" ಎಂದ ಮರ್ವಿನ್, ನಗು ಬಾರದ ಹಾಗೆ ತುಟಿ ಬಿಗಿಹಿಡಿದು.

"ಧನಿ, ನನ್ನ ರೇಷನ್ ಕಾರ್ಡ್ ಹೋಯ್ತು."

"ಮ್ಯಾನೇಜರಿಗೆ ಎಂತಕ್ಕೆ ರೇಷನ್ ಕಾರ್ಡ್? ಒಂದು ಮೂಟೆ ಅಕ್ಕಿ ಲ್ಯಾನ್ಸಿಯ ಹತ್ರ ಕಳಿಸ್ತೇನೆ, ಸೋನಾ ಮಸೂರಿ. ಈಗ ಮರ್ವಿನ್ ಹೇಳುದನ್ನು ಸರಿ ಕೇಳು."

ಮರ್ವಿನ್ ಮಗುವಿಗೆ ಔಷಧ ಕುಡಿಸುವ ದನಿಯಲ್ಲಿ ಬಿಡಿಸಿ ಹೇಳಿದ. ಕಂಪೆನಿ ಅವಳಿಗೆ ಪ್ರತಿ ತಿಂಗಳೂ ಕಾರ್ ಅಲವೆನ್ಸ್ ಕೊಡುತ್ತದೆ. ಅದು ಅವಳ ಹೆಸರಿನ ಖಾತೆಗೆ ಬರುತ್ತದೆ, ಬಂದ ಹಾಗೆಯೇ ಕಾರಿನ ಸಾಲದ ಕಂತಿಗೂ ಪೆಟ್ರೋಲಿಗೂ ಹೋಗುತ್ತದೆ. ಆ ಖಾತೆಯ ಕಾರ್ಡು, ಚೆಕ್ಕು ಎಲ್ಲ ಮರ್ವಿನ್ ಹತ್ತಿರ ಭದ್ರವಾಗಿದೆ, ಅವಳು ಚಿಂತೆ ಮಾಡಬೇಕಾಗಿಲ್ಲ. ಅಲವೆನ್ಸು ಸಂಬಳದ ಲೆಕ್ಕಕ್ಕೆ ಬಂದರೆ ಟ್ಯಾಕ್ಸ್ ಬೀಳುತ್ತದೆ. ಆದರೆ ಕಂಪೆನಿಯ ಕೆಲಸಕ್ಕಾಗಿಯೇ ಕಾರು ಓಡಿಸಿ ಆ ದುಡ್ಡು ಖರ್ಚು ಮಾಡಿದ್ದೇನೆ ಎಂದು ತೋರಿಸಿದರೆ ಟ್ಯಾಕ್ಸ್ ಇಲ್ಲ. ಹಾಗೆಂದು ಅವಳ ಹೆಸರಲ್ಲಿ ರಿಟರ್ನ್ ಹಾಕಿಯಾಗಿದೆ. ಈಗ ಇಲಾಖೆಯವರಿಗೆ ಏನೋ ಸಂಶಯ. ಖುದ್ದು ಬಂದು ಹೇಳಿ ಎಂದು ಸಮನ್ಸ್ ಕಳಿಸಿದ್ದಾರೆ.

"ನೀನು ಹೋಗಿ ಹೌದು ಹೌದು ಹೇಳುದು. ಅಷ್ಟೇ ಕೆಲಸ."

"ನನಗೆ ಕಾರು ಬಿಡ್ಲಿಕ್ಕೆ ಬರುದಿಲ್ಲ."

"ನೀನ್ಯಾಕೆ ಬಿಡ್ಬೇಕು? ನಿನಗೆ ಡ್ರೈವರ್ ಇದ್ದಾನಲ್ಲ, ಲ್ಯಾನ್ಸಿ. ಅವನ ಸಂಬಳ ಕೊಡುದು ನೀನೇ. ಅದೂ ನಿನ್ನ ಖರ್ಚಲ್ಲಿ ತೋರಿಸಿದ್ದೇನೆ."

ಮರ್ವಿನ್ ಅವಳ ಎದುರು ಒಂದು ದಪ್ಪ ಪುಸ್ತಕ ಇಟ್ಟ. ಕಾರು ಎಂದು ಎಲ್ಲಿಗೆ ಹೋಯಿತು, ಏಕೆ ಹೋಯಿತು ಎಂದು ಬರೆದ ಪುಸ್ತಕ. ಇಂದೇ ಕೂತು ಬರೆದ ಶಾಯಿ ಘಂ ಎನ್ನುತ್ತಿತ್ತು. ನಾಝಿಮಾ ಒಂದು ಪುಟ ಮಗುಚಿದಳು.

"ಪೆರ್ನಾಲ್ ದಿನ ಕೂಡ ನಾನು ಸೈಟಿಗೆ ಹೋಗಿದ್ದೇನಾ?"

ಮರ್ವಿನ್ ಪುಸ್ತಕ ಎಳೆದುಕೊಂಡು ನೋಡಿದ. "ಸಿನ್ಸಿಯರ್ ಆಫೀಸರ್ ನೀನು. ಹಬ್ಬ ಗಿಬ್ಬ ನೋಡುದಿಲ್ಲ."

ಕೌಶಲ್ ಹೊಟ್ಟೆ ಹಿಡಿದು ನಕ್ಕ. ನಕ್ಕು ಮುಗಿದ ಮೇಲೆ ಅವನ ಮುಖ ಬೇರೆಯಾಯಿತು.

"ಕೇಳು ನಾಝಿಮಾ. ಅಲ್ಲಿ ಹೋಗಿ ಎಂತಾದ್ರೂ ಬೊಗಳಿದ್ರೆ ಟ್ಯಾಕ್ಸ್ ಬೀಳುದು ನಿನ್ನ ಮಂಡೆಗೆ, ನನ್ನ ಮಂಡೆಗಲ್ಲ. ಲಕ್ಷಗಟ್ಟಲೆ. ನಿನ್ನ ಗಂಡ ಗೋಡೆಗೆ ಒರಗಿ ಕೂತಿದ್ದಾನಲ್ಲ, ಆ ಗೋಡೆ ಕೂಡ ಹರಾಜು ಹಾಕ್ತಾರೆ. ಸಹಿ ನಿಂದು. ಕಾಗದ ನಿಂದು. ನೆನಪಿಟ್ಕೊ."

ಹೋಗುವ ದಿನ ಶಶಿಪ್ರಭಾ ಮೇಡಂ ತಮ್ಮದೊಂದು ಹಳೆಯ ಚೂಡಿದಾರ ತಂದು ಅವಳ ಕಡೆಗೆ ಎಸೆದರು. ಮ್ಯಾನೇಜರಾಗಿ ಕಾಣಬೇಕಲ್ಲ! ಅದು ನಾಝಿಮಾಳಿಗೆ ಭುಜದಲ್ಲಿ ಬಿಗಿ, ಉದ್ದಕ್ಕೆ ನೆಲ ಗುಡಿಸುತ್ತಿತ್ತು. ಒಂದು ಚರ್ಮದ ಬ್ಯಾಗು ತೋಳಿಗೆ ನೇತುಹಾಕಿದರು. ಒಳಗೆ ಏನೂ ಇರಲಿಲ್ಲ, ಉಬ್ಬಿ ಕಾಣಲೆಂದು ಹಳೆಯ ಕ್ಯಾಲೆಂಡರ್ ಮುದುಡಿ ತುಂಬಿದ್ದರು. ಅವಳು ಕಾರಿನ ಹಿಂಬಾಗಿಲು ತೆರೆದಾಗ ಮೇಡಂ ಕೂಗಿದರು:

"ನಿಲ್ಲು ನಿಲ್ಲು! ಲ್ಯಾನ್ಸಿ, ಆ ಸೀಟಿಗೆ ಪೇಪರ್ ಹಾಸು. ಇವಳು ಕೂತದ್ದಕ್ಕೆ ಮತ್ತೆ ನಾನು ಕೂರ್ಬೇಕಲ್ಲ."

ಲ್ಯಾನ್ಸಿ ಪೇಪರ್ ಹಾಸಿದ. ಅಸಿಸ್ಟೆಂಟ್ ಮ್ಯಾನೇಜರ್ ನಾಝಿಮಾ ಪೇಪರಿನ ಮೇಲೆ, ಬೆನ್ನು ಸೀಟಿಗೆ ತಾಗದ ಹಾಗೆ ಕೂತಳು. ಮರ್ವಿನ್ ಮುಂದೆ ಕೂತ. ದಾರಿಯುದ್ದಕ್ಕೂ ಅವನು ಹಿಂದಕ್ಕೆ ತಿರುಗಿ ಪಾಠ ಒಪ್ಪಿಸಿಕೊಂಡ. ಎಲ್ಲಿಗೆ ಹೋಗುದು? ಸೈಟಿಗೆ. ಏಕೆ? ಇನ್‌ಸ್ಪೆಕ್ಷನ್. ಬೇರೆ ಎಲ್ಲಿಗೆ? ಕ್ಲೈಂಟ್ ಮೀಟಿಂಗ್. "ಮೀಟಿಂಗ್ ಹೇಳ್ಬೇಕು, ಮಿಟ್ಟಿಂಗ್ ಅಲ್ಲ. ಬಾಯಿ ತೆರೆದು ಹೇಳು!"

ಟ್ಯಾಕ್ಸ್ ಆಫೀಸಿನಲ್ಲಿ ಇದ್ದವರು ಆಂಡ್ರಿಯಾ ಎಂಬ ಅಧಿಕಾರಿ. ಕನ್ನಡಕ ಹಣೆಯ ಮೇಲಿಟ್ಟುಕೊಂಡ, ಹೆಚ್ಚು ಮಾತಿಲ್ಲದ ಹೆಂಗಸು. "ಕೂತ್ಕೊಳ್ಳಿ" ಎಂದರು. ನಾಝಿಮಾ ಹಿಂದೆ ತಿರುಗಿ ನೋಡಿದಳು. 'ಕೂತ್ಕೊಳ್ಳಿ' ಎಂದದ್ದು ತನಗೆ ಎಂದು ಅವಳಿಗೆ ತಟ್ಟನೆ ಹೊಳೆಯಲಿಲ್ಲ.

ಹೆಸರು ಕೇಳಿದರು, ಕೆಲಸ ಕೇಳಿದರು. ಮರ್ವಿನ್ ಕಲಿಸಿದ ಹಾಗೆ ನಾಝಿಮಾ ಹೇಳಿದಳು. ಕಾರು ಯಾವ ಕೆಲಸಕ್ಕೆ ಎಂದರು. ಸೈಟ್ ಇನ್‌ಸ್ಪೆಕ್ಷನ್ ಎಂದಳು. ದನಿ ಅವಳದ್ದೇ ಆಗಿರಲಿಲ್ಲ, ಯಾರೋ ಒಳಗೆ ಕೂತು ಹೇಳಿಸುತ್ತಿದ್ದ ಹಾಗಿತ್ತು. ಅಧಿಕಾರಿ ಪುಸ್ತಕದ ಪುಟ ಮಗುಚುತ್ತ ಹೋಗಿ ಒಂದು ಕಡೆ ನಿಲ್ಲಿಸಿದರು.

"ಇಡೀ ವರ್ಷದಲ್ಲಿ ದೊಡ್ಡ ಖರ್ಚು ಇದೊಂದು. ಗೋವಾ. ಪೆಟ್ರೋಲು, ಟೋಲು, ಡ್ರೈವರ್ ಭತ್ಯೆ. ಮೇ ಹದಿನಾಲ್ಕಕ್ಕೆ ಹೋಗಿ ಹದಿನಾರಕ್ಕೆ ಬಂದಿದ್ದೀರಿ. ಗೋವಾದಲ್ಲಿ ಎಂತ ಕೆಲಸ ಇತ್ತು ನಿಮಗೆ?"

"ಕ್ಲೈಂಟ್ ಮೀಟಿಂಗ್" ಎಂದ ಮರ್ವಿನ್.

"ನಿಮ್ಮ ಹತ್ರ ಕೇಳಿದ್ದಲ್ಲ."

ನಾಝಿಮಾ ಬಾಯಿ ತೆರೆದಳು. ಮೀಟಿಂಗ್ ಎಂಬ ಶಬ್ದ ನಾಲಗೆಯ ತುದಿಯಲ್ಲೇ ಇತ್ತು. ಆದರೆ ಮೇ ಹದಿನಾಲ್ಕು ಎಂಬುದು ಅದಕ್ಕಿಂತ ಮೊದಲು ಬಂದು ಅಡ್ಡ ನಿಂತಿತು.

"ಆ ದಿನ ನಾನು ನನ್ನ ಹೆತ್ತ ಉಮ್ಮನ ಮಯ್ಯತ್ತನ್ನು ಮೀಯಿಸ್ತಾ ಇದ್ದೆ" ಎಂದಳು.

ಅಧಿಕಾರಿ ಪುಸ್ತಕದಿಂದ ತಲೆ ಎತ್ತಿದರು.

"ಬೆಳಿಗ್ಗೆ ತೀರಿ ಹೋದದ್ದು ಉಮ್ಮ, ಹೂಳುವ ಮೊದಲು ಹೆಣ ಮೀಯಿಸ್ಬೇಕಲ್ಲ. ಕಾಲಿನ ಹೆಬ್ಬೆರಳ ಹತ್ರ ಒಂದು ಗಾಯ ಇತ್ತು ಅವರಿಗೆ, ಸಕ್ಕರೆ ಕಾಯಿಲೆಯದ್ದು. ಅಲ್ಲಿಗೆ ನೀರು ಹಾಕುವಾಗ ನೋವಾಗ್ತದೋ ಅಂತ ನಾನು ಕೈ ಹಿಂದೆ ತೆಗೆದೆ. ಎಲ್ಲ ಹೆಂಗಸರು ಅತ್ರು. ರಜೆ ಹೇಳ್ಲಿಕ್ಕೆ ಫೋನ್ ಮಾಡಿದ್ರೆ ಧನಿ ಎತ್ತಲಿಲ್ಲ. ಅವರು ಗೋವಾಕ್ಕೆ ಹೋಗಿದ್ರು, ದೋಸ್ತಿಗಳೊಟ್ಟಿಗೆ. ಹಿಂದೆ ಬಂದು ನನ್ನ ಸಂಬಳ ಕತ್ತರಿಸಿದ್ರು. ಹೇಳದೆ ರಜೆ ಮಾಡಿದ್ದಂತೆ."

"ಮೇಡಂ, ಒಂದು ನಿಮಿಷ" ಎಂದು ಮರ್ವಿನ್ ಎದ್ದ. "ಇವಳಿಗೆ ಸ್ವಲ್ಪ ಮಂಡೆ ಸರಿ ಇಲ್ಲ. ಮನೆಯಲ್ಲಿ ಟೆನ್ಷನ್."

"ಮ್ಯಾನೇಜರಾ, ಮಂಡೆ ಸರಿ ಇಲ್ಲದವರಾ? ಒಂದು ಹೇಳಿ, ಬರ್ಕೊಳ್ತೇನೆ."

ಮರ್ವಿನ್ ಬೆವರು ಒರೆಸಿಕೊಂಡ. "ಮ್ಯಾನೇಜರ್" ಎಂದ.

"ಮ್ಯಾನೇಜರಲ್ಲ ಅಮ್ಮ, ನಾನು ಆ ಕಾರು ತೊಳೆಯುವವಳು" ಎಂದಳು ನಾಝಿಮಾ. ಒಮ್ಮೆ ಹೊರಟ ಮಾತು ಮತ್ತೆ ನಿಲ್ಲಲಿಲ್ಲ. ಪಿ.ಎಫ್. ಎಂದು ಸಹಿ ಹಾಕಿಸಿದ್ದು, ಕಾರ್ಡು ಹೋದದ್ದು, ಸೀಟಿಗೆ ಪೇಪರ್ ಹಾಸಿದ್ದು, ಎಲ್ಲವನ್ನೂ ಹೇಳಿದಳು. ಬ್ಯಾಗಿನೊಳಗಿನ ಕ್ಯಾಲೆಂಡರನ್ನೂ ತೆಗೆದು ಮೇಜಿನ ಮೇಲಿಟ್ಟಳು.

ಆಂಡ್ರಿಯಾ ಎಲ್ಲ ಬರೆದುಕೊಂಡರು. ಬರೆದು, ಕನ್ನಡಕ ತೆಗೆದು, ಕಣ್ಣು ಉಜ್ಜಿದರು.

"ಈ ಸಹಿ ನಿಮ್ಮದೇ ಅಲ್ವಾ?"

"ನನ್ನದೇ."

"ಹಾಗಾದ್ರೆ ಇವತ್ತಿಗೆ ಕಾಗದದಲ್ಲಿ ಕಾರು ನಿಮ್ಮದು. ಅಲವೆನ್ಸ್ ನಿಮ್ಮದು. ಖರ್ಚಿಗೆ ಆಧಾರ ಇಲ್ಲ ಅಂತಾದ್ರೆ ಟ್ಯಾಕ್ಸ್ ಕೂಡ ನಿಮ್ಮದೇ. ನೀವು ಹೇಳಿದ್ದು ನಾನು ಬರೆದಿದ್ದೇನೆ, ವಿಚಾರಣೆ ಆಗ್ತದೆ, ಆದರೆ ತಡ ಆಗ್ತದೆ. ಕಾರು ನನ್ನದು ಅಂತ ನಿಮ್ಮ ಧನಿಗಳೇ ಬರೆದು ಕೊಟ್ರೆ ಬೇಗ ಆಗ್ತದೆ."

"ಅವರು ಬರೆದು ಕೊಡ್ತಾರಾ ಅಮ್ಮ?"

ಅಧಿಕಾರಿ ಮುಂದಿನ ಫೈಲಿಗೆ ಕೈ ಹಾಕಿದರು.

ಹೊರಗೆ ಬಂದದ್ದೇ ಮರ್ವಿನ್ ಅವಳ ಮೇಲೆ ಹರಿಹಾಯ್ದ. "ಪಿರ್ಕಿ ರಂಡೆ! ಎಂತ ಮಾಡಿದಿ ಗೊತ್ತುಂಟಾ ನೀನು? ಉಂಡ ಮನೆಗೆ ಬೆಂಕಿ ಹಾಕಿದಿ. ಧನಿ ನಿನ್ನನ್ನು ಜೈಲಿಗೆ ಹಾಕಿಸ್ತಾರೆ. ಹತ್ತು, ಕಾರು ಹತ್ತು, ಆಫೀಸಿಗೆ ಹೋಗಿ ನಿನಗೆ ಉಂಟು!"

ನಾಝಿಮಾ ಹಿಂಬಾಗಿಲು ತೆರೆದಳು. ಸೀಟಿನ ಮೇಲಿದ್ದ ಪೇಪರನ್ನು ಎಳೆದು ರಸ್ತೆಗೆ ಬಿಸಾಡಿದಳು. ಒಳಗೆ ಕೂತು ಬೆನ್ನು ಒರಗಿಸಿದಳು. ಎಷ್ಟು ಮೆತ್ತಗಿದೆ ಇದು ಎಂದು ಅವಳಿಗೆ ಆಶ್ಚರ್ಯವಾಯಿತು. ಮರ್ವಿನ್ ಮುಂದಿನ ಬಾಗಿಲಿಗೆ ಬರುವಷ್ಟರಲ್ಲಿ ಅವಳು ಮುಂದಕ್ಕೆ ಬಗ್ಗಿ ಹೇಳಿದಳು:

"ಲ್ಯಾನ್ಸಿಯಣ್ಣ, ಬಾಗಿಲು ಲಾಕ್ ಮಾಡಿ. ಕಾಟಿಪಳ್ಳಕ್ಕೆ ಹೋಗುವ."

"ಎಂತ ಹೇಳ್ತಿ ಮಾರಾಯ್ತಿ?"

"ಒಳಗೆ ಆಫೀಸರಮ್ಮನೇ ಹೇಳಿದ್ದು, ಕಾರು ನನ್ನದಂತೆ. ಸರಕಾರಕ್ಕೆ ಗೊತ್ತುಂಟು, ರೇಷನ್ ಆಫೀಸಿಗೆ ಗೊತ್ತುಂಟು, ಬ್ಯಾಂಕಿಗೆ ಗೊತ್ತುಂಟು. ನಿಮಗೂ ಗೊತ್ತುಂಟು. ನಿಮ್ಮ ಸಂಬಳ ಕೊಡುದು ಕೂಡ ನಾನೇ ಅಂತೆ, ನಿಮಗೆ ಅದು ಗೊತ್ತುಂಟಾ?"

ಲ್ಯಾನ್ಸಿ ಕನ್ನಡಿಯಲ್ಲಿ ಅವಳ ಮುಖ ನೋಡಿದ. ಹೊರಗೆ ಮರ್ವಿನ್ ಧನಿಗಳಿಗೆ ಫೋನು ಹಚ್ಚುತ್ತ ಕಾರನ್ನು ಸುತ್ತಿ ಬರುತ್ತಿದ್ದ. ಆ ಮುದಿ ಡ್ರೈವರ್ ಗಲ್ಫಿನಲ್ಲಿ ಹನ್ನೆರಡು ವರ್ಷ, ಇಲ್ಲಿ ಒಂಬತ್ತು ವರ್ಷ ಯಾರಿಗೂ ಎದುರು ಒಂದು ಮಾತಾಡದವನು, ಸ್ಟೇರಿಂಗಿನ ಮೇಲೆ ಬೆರಳು ಮಡಚಿ ಏನನ್ನೋ ಲೆಕ್ಕ ಹಾಕಿದ. ಮತ್ತೆ ಲಾಕಿನ ಗುಂಡಿ ಒತ್ತಿದ.

"ಹಾಳಾಗಿ ಹೋಗ್ಲಿ ಬೋಳಿಮಕ್ಕಳು" ಎಂದು ಗೇರು ಹಾಕಿದ. "ಎ.ಸಿ. ಹಾಕ್ಲಾ?"

"ಹಾಕಿ."

ಸಂಜೆಯೊಳಗೆ ಪೊಲೀಸರ ಫೋನು ಬಂತು. ಕಾರು ಕಳ್ಳತನವಾಗಿದೆ, ಗುಡಿಸುವವಳೂ ಡ್ರೈವರೂ ಸೇರಿ ಕದ್ದಿದ್ದಾರೆ ಎಂದು ಕೌಶಲ್ ದೂರು ಹೇಳಿದ್ದ. ನಾಝಿಮಾ ಮತ್ತು ಲ್ಯಾನ್ಸಿ ಅದೇ ಕಾರಿನಲ್ಲಿ ಠಾಣೆಗೆ ಹೋದರು. ಕೌಶಲ್ ಆಗಲೇ ಎಸ್ಸೈ ಎದುರಿನ ಕುರ್ಚಿಯಲ್ಲಿ ಕಾಲಿನ ಮೇಲೆ ಕಾಲು ಹಾಕಿ ಕೂತಿದ್ದ. ಮರ್ವಿನ್ ಅವನ ಹಿಂದೆ ನಿಂತಿದ್ದ.

"ನೋಡಿ ಸರ್, ಎಷ್ಟು ಧೈರ್ಯ! ಕದ್ದ ಕಾರಲ್ಲೇ ಸ್ಟೇಷನಿಗೆ ಬಂದಿದ್ದಾರೆ" ಎಂದ ಕೌಶಲ್. "ಎರಡು ಬಿಗಿದು ಕೇಳಿ ಆ ಬ್ಯಾರ್ದಿ ಹೆಂಗಸಿನ ಹತ್ರ."

ಎಸ್ಸೈ ಗದಗ ಕಡೆಯ ಯುವಕ. ಹಗಲೆಲ್ಲ ಬಂದೋಬಸ್ತಿನಲ್ಲಿ ನಿಂತು ಸುಸ್ತಾಗಿದ್ದ. ಕಾರಿನ ನಂಬರು ಕಂಪ್ಯೂಟರಿಗೆ ಹಾಕಿ ನೋಡಿ, ಆರ್‌ಸಿಯನ್ನೂ ನೋಡಿ, ಕೌಶಲ್ ಕಡೆಗೆ ತಿರುಗಿದ.

"ಏನ್ರೀ ಇದು? ಗಾಡಿ ಇವರ ಹೆಸರ್ಲೇ ಐತಲ್ರೀ. ತಮ್ಮ ಗಾಡಿ ತಾವ ಕದಿತಾರೇನು?"

"ಅದು ಹೆಸರಿಗೆ ಮಾತ್ರ ಸರ್. ನಿಜವಾಗಿ..."

"ನಿಜವಾಗಿ ಯಾರ್ದು?"

ಕೌಶಲ್ ಕಾಲು ಕೆಳಗಿಳಿಸಿದ. ಮರ್ವಿನ್ ಬಗ್ಗಿ ಅವನ ಕಿವಿಯಲ್ಲಿ ಏನೋ ಪಿಸುಗುಟ್ಟಿದ.

ನಾಝಿಮಾ ಬುರ್ಖಾದ ಮಡಿಕೆಯಿಂದ ಕೀಯನ್ನು ತೆಗೆದು ಮೇಜಿನ ಮೇಲಿಟ್ಟಳು. "ಧನಿಗಳು ಬರೆದು ಕೊಡ್ಲಿ ಸಾರ್. ಈ ಕಾರು ನನ್ನದು, ನಾಝಿಮಾಳದ್ದಲ್ಲ, ಅಲವೆನ್ಸು ಕೂಡ ನಾನೇ ತಿಂದದ್ದು ಅಂತ. ಬರೆದು ಸಹಿ ಹಾಕ್ಲಿ. ಈಗಲೇ ಕೀ ಕೊಂಡು ಹೋಗ್ಲಿ. ನಾನು ಬಸ್ಸಲ್ಲಿ ಹೋಗ್ತೇನೆ, ನನಗೆ ಬಸ್ಸಲ್ಲಿ ಹೋಗಿ ಅಭ್ಯಾಸ ಉಂಟು."

ಎಸ್ಸೈ ಒಂದು ಬಿಳಿ ಹಾಳೆಯನ್ನು ಕೌಶಲ್ ಮುಂದೆ ತಳ್ಳಿದ. "ಬರ್ದು ಕೊಡ್ರೀ."

ಕೌಶಲ್ ಹಾಳೆಯನ್ನು ನೋಡಿದ. ಕೋರ್ಟಿನಲ್ಲಿ ಅವನು 'ನನ್ನ ಹೆಸರಲ್ಲಿ ಏನೂ ಇಲ್ಲ' ಎಂದು ಬರೆದುಕೊಟ್ಟದ್ದು ಆಗಿತ್ತು. ಅವನು ದನಿಗೆ ಬೆಣ್ಣೆ ಹಚ್ಚಿದ.

"ನಾಝಿಮಾ, ಎಂತ ಇದೆಲ್ಲ? ನಾವೆಲ್ಲ ಮನೆಯವರ ಹಾಗೆ ಇದ್ದವರು. ಬಾ, ಹೊರಗೆ ಕೂತು ಮಾತಾಡುವ."

"ಇಲ್ಲೇ ಮಾತಾಡಿ ಧನಿ. ಕಾರು ಯಾರದ್ದು?"

ಎಸ್ಸೈಗೆ ಈಗ ಸುಸ್ತೆಲ್ಲ ಇಳಿದು ಮೋಜು ಹತ್ತಿದಂತಿತ್ತು. ಪಕ್ಕದ ಪೇದೆಗೆ ಚಾ ತರಲು ಹೇಳಿ ಕುರ್ಚಿಗೆ ಒರಗಿದ. ಕೌಶಲ್ ಹಾಳೆಯನ್ನು ತನ್ನ ಕಡೆಗೆ ಎಳೆದ, ಮತ್ತೆ ತಳ್ಳಿದ.

"ಅವಳದ್ದೇ" ಎಂದ ಕೊನೆಗೆ.

"ಗಟ್ಟಿ ಹೇಳ್ರೀ, ಕೇಳಲಿಲ್ಲ."

"ಕಾರು ಅವಳದ್ದೇ ಸರ್. ಏನೋ ಮಿಸ್‌ಅಂಡರ್‌ಸ್ಟಾಂಡಿಂಗ್. ದೂರು ಇಲ್ಲ."

ಹಾಗೆಂದು ಬರೆದು ಸಹಿಯನ್ನೂ ಹಾಕಿದ. ಧನಿಯೂ ಆಡಿಟರೂ ಠಾಣೆಯ ಗೇಟಿನ ಎದುರು ರಿಕ್ಷಾಕ್ಕೆ ಕೈ ತೋರಿಸುತ್ತ ನಿಂತದ್ದನ್ನು ಲ್ಯಾನ್ಸಿ ಕಾರು ತಿರುಗಿಸುವಾಗ ಕಂಡ. ಒಂದು ಸಲ ಹಾರ್ನ್ ಹೊಡೆದ.

ಗೆದ್ದೆನೆಂದು ನಾಝಿಮಾ ಅಂದುಕೊಳ್ಳಲಿಲ್ಲ. ಕೆಲಸ ಇಬ್ಬರದ್ದೂ ಹೋಯಿತು. ಕಾರು ಇರುವವರೆಗೆ ಕಾರ್ಡು ಇಲ್ಲ ಎಂದ ತಾಲೂಕು ಆಫೀಸಿನವನು. ಮಾರೋಣವೆಂದರೆ ಸಾಲ ತೀರದೆ ಮಾರುವ ಹಾಗಿಲ್ಲ ಎಂದರು ಬ್ಯಾಂಕಿನವರು. ವಿಚಾರಣೆ ನಡೆಯುತ್ತಿದೆ ಎಂದು ಟ್ಯಾಕ್ಸಿನವರ ಕಾಗದ ಬಂತು, ಟ್ಯಾಕ್ಸ್ ಕಟ್ಟಿ ಎಂದು ಇನ್ನೊಂದು ಕಾಗದವೂ ಬಂತು. ಕಾರಿನಲ್ಲಿ ಪೆಟ್ರೋಲು ಇರುವಷ್ಟು ದಿನ ಲ್ಯಾನ್ಸಿ ಬಂದು ಉಮರಬ್ಬನನ್ನು ವೆನ್ಲಾಕ್ ಆಸ್ಪತ್ರೆಗೆ ಕರೆದುಕೊಂಡು ಹೋದ. ಅಕ್ಕಪಕ್ಕದ ಮನೆಯ ಮುದುಕರು, ಬಾಣಂತಿಯರು ಒತ್ತಿ ಒತ್ತಿ ಕೂತು ಹೋದರು. ಪೆಟ್ರೋಲು ಮುಗಿದ ಮೇಲೆ ಕಾರು ಓಣಿಯಲ್ಲೇ ನಿಂತಿತು. ಬಿಸಿಲು ಬಂದ ದಿನ ಅದರ ಬಾನೆಟ್ಟಿನ ಮೇಲೆ ನಾಝಿಮಾ ಬಂಗುಡೆ ಒಣಗಿಸಿದಳು.

ಧನಿಗಳು ಕಂತು ಕಟ್ಟುವುದನ್ನು ನಿಲ್ಲಿಸಿದ್ದರು. ಒಂದು ಶುಕ್ರವಾರ ಗಂಡಸರೆಲ್ಲ ಜುಮಾಕ್ಕೆ ಹೋದ ಹೊತ್ತಿಗೆ ಬ್ಯಾಂಕಿನ ಕಡೆಯ ಮೂವರು ಕೊಕ್ಕೆ ಇರುವ ಲಾರಿ ತಂದರು. ನಾಝಿಮಾ ಮೀನು ಎತ್ತಿ ಒಳಗಿಟ್ಟಳು. ಕೈ ತೊಳೆದಳು. ಬುರ್ಖಾ ಹಾಕಿಕೊಂಡು ಬಂದು, ಕಾರಿನ ಹಿಂಬಾಗಿಲು ತೆರೆದು ಒಳಗೆ ಕೂತು, ಲಾಕ್ ಮಾಡಿದಳು.

"ಇಳೀರಿ ಅಕ್ಕ. ನಾವು ಸೀಸ್ ಮಾಡ್ಲಿಕ್ಕೆ ಬಂದದ್ದು."

"ಎಳೀರಿ. ನಾನು ಬೇಡ ಹೇಳಿದೆನಾ?" ಎಂದಳು ಗಾಜಿನ ಹಿಂದಿನಿಂದ. "ಕಾರು ನನ್ನದಂತೆ, ಠಾಣೆಯಲ್ಲಿ ಬರೆದು ಕೊಟ್ಟಾಗಿದೆ. ಕಾರು ಹೋದಲ್ಲಿಗೆ ನಾನೂ ಬರ್ತೇನೆ. ಅಲ್ಲಿ ನಿಮ್ಮ ದೊಡ್ಡವರು ಇರ್ತಾರಲ್ಲ, ನೆಲ ಗುಡಿಸುವವಳಿಗೆ ಇಷ್ಟು ಸಾಲ ಹೇಗೆ ಕೊಟ್ರಿ ಅಂತ ಅವರ ಹತ್ರ ಕೇಳ್ಲಿಕ್ಕೆ ಉಂಟು."

ಮೂವರಲ್ಲಿ ಒಬ್ಬ ಫೋನು ಹಚ್ಚಿದ. "ಸಾರ್, ಒಳಗೆ ಹೆಂಗಸು ಕೂತಿದ್ದಾರೆ... ಓನರ್ರೇ ಸಾರ್... ಇಳೀತಿಲ್ಲ... ಎಂತ ಮಾಡುದು?" ಆ ಕಡೆಯವರು ಏನು ಬೈದರೋ, ಅವನು ಮುಖ ಕೆಂಪಗೆ ಮಾಡಿ ಲಾರಿಯವನಿಗೆ ಕೈ ಸನ್ನೆ ಮಾಡಿದ. ಸರಪಳಿ ಬಿಗಿಯಿತು. ಕಾರಿನ ಮೂಗು ಮೇಲೆದ್ದಿತು. ನಾಝಿಮಾ ಸೀಟಿಗೆ ಒರಗಿದವಳು ಹಾಗೆಯೇ ಹಿಂದಕ್ಕೆ ವಾಲಿ, ಮೇಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಉಮರಬ್ಬ ಗೋಡೆ ಹಿಡಿದುಕೊಂಡು ಹೊಸ್ತಿಲವರೆಗೆ ಬಂದಿದ್ದ.

"ಎಲ್ಲಿಗೆ ಹೋಗ್ತಿ ನೀನು?"

"ಗೊತ್ತಿಲ್ಲ!" ಅವಳು ಗಾಜಿಗೆ ಬಾಯಿ ಹಚ್ಚಿ ಕೂಗಿದಳು. "ಗಂಜಿ ಮುಚ್ಚಿ ಇಟ್ಟಿದ್ದೇನೆ. ಆರುವ ಮೊದಲು ಉಣ್ಣಿ!"

ಲಾರಿ ಹೊರಟಿತು. ಓಣಿಯ ತಿರುವಿನಲ್ಲಿ ಹೆಂಗಸರು ಬಾಗಿಲಿಗೆ ಬಂದು ನಿಂತಿದ್ದರು. ಕಪ್ಪು ಕಾರು ಆಕಾಶಕ್ಕೆ ಮುಖ ಮಾಡಿಕೊಂಡು, ಹಿಂದಿನ ಎರಡು ಗಾಲಿಗಳ ಮೇಲೆ ಅವರ ಎದುರಿನಿಂದ ನಿಧಾನವಾಗಿ ಹಾದು, ಸುರತ್ಕಲ್ ಕಡೆಗೆ ಇಳಿಯಿತು.